ಗಣಿತ ಇಷ್ಟ, ಕೋಡಿಂಗ್ ಬೇಸರ: ಕ್ವಾಂಟ್ ಕೆಲಸದಲ್ಲಿ ನನಗೆ ಜಾಗ ಇದೆಯೇ?

ಪ್ರಶ್ನೆ: ನನಗೆ 26 ವರ್ಷ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮೂರು ವರ್ಷದಿಂದ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಜಾವಾ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು, ಯಾರೋ ಬರೆದಿಟ್ಟ ಕೋಡ್‌ನಲ್ಲಿ ತಪ್ಪು ಹುಡುಕುವುದು ಇನ್ನು ನನ್ನಿಂದಾಗದು ಅನ್ನಿಸಿದೆ. ಸಂಭವನೀಯತೆ, ಸ್ಟೊಕಾಸ್ಟಿಕ್ ಪ್ರೊಸೆಸ್, ರಿಗ್ರೆಷನ್ ಇವನ್ನು ಈಗಲೂ ಖುಷಿಯಿಂದ ಓದುತ್ತೇನೆ. ಕ್ವಾಂಟಿಟೇಟಿವ್ ಫೈನಾನ್ಸ್ ಕಡೆ, ಅಂದರೆ ಗಣಿತದಿಂದ ಹಣಕಾಸಿನ ಬೆಲೆ, ಅಪಾಯ ಅಳೆಯುವ ‘ಕ್ವಾಂಟ್’ ಕೆಲಸದ ಕಡೆ, ಹೋಗೋಣವೆಂದರೆ ಗೆಳೆಯರು ‘ಸಿ ಪ್ಲಸ್ ಪ್ಲಸ್ ಬರದಿದ್ದರೆ ಒಳಗೇ ಬಿಡುವುದಿಲ್ಲ’ ಅನ್ನುತ್ತಾರೆ. ಒಂದು ತರಬೇತಿ ಸಂಸ್ಥೆಯವರು ‘ಪ್ರೋಗ್ರಾಮಿಂಗ್ ಬೇಕೇ ಇಲ್ಲ, ಮೂರೂವರೆ ಲಕ್ಷ ಕಟ್ಟಿ, ಕೆಲಸ ಕೊಡಿಸುತ್ತೇವೆ’ ಅನ್ನುತ್ತಾರೆ. ಯಾರನ್ನು ನಂಬಲಿ? ಎಫ್‌ಆರ್‌ಎಂ (ಫೈನಾನ್ಷಿಯಲ್ ರಿಸ್ಕ್ ಮ್ಯಾನೇಜರ್ ಪ್ರಮಾಣಪತ್ರ) ಮಾಡಲೇ, ವಿಮೆಯ ಅಪಾಯ ಲೆಕ್ಕ ಹಾಕುವ ಆಕ್ಚುರಿ ಪರೀಕ್ಷೆ ಬರೆಯಲೇ, ಸಾಲ ಮಾಡಿ ಅಮೆರಿಕಕ್ಕೆ ಹೋಗಲೇ? ಕೋಡಿಂಗ್ ಕಡಿಮೆ ಇರುವ ಕೆಲಸ ಹಿಡಿದರೆ ಸಂಬಳವೂ ಅಷ್ಟಕ್ಕೇ ನಿಂತುಬಿಡುತ್ತದೆಯೇ? ಮನೆಯ ಜವಾಬ್ದಾರಿ ಇದೆ, ಒಂದು ವರ್ಷ ಕೆಲಸ ಬಿಟ್ಟು ಕೂರುವ ಹಾಗಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಕೋಡಿಂಗ್ ಬೇಡ ಅನ್ನುವವನಿಗೆ ಬಾಗಿಲೇ ತೆರೆಯುವುದಿಲ್ಲವೇನೋ ಎಂಬುದು ಒಂದು. ತೆರೆದರೂ ಹಿತ್ತಿಲ ಬಾಗಿಲೇ ಇರಬಹುದೇನೋ ಎಂಬುದು ಇನ್ನೊಂದು. ಗೆಳೆಯರು ಹೇಳಿದ್ದು ಕ್ವಾಂಟ್ ಲೋಕದ ಒಂದು ಓಣಿಯ ಮಟ್ಟಿಗೆ ನಿಜ. ತರಬೇತಿ ಸಂಸ್ಥೆ ಹೇಳಿದ್ದು ಯಾವ ಓಣಿಗೂ ನಿಜವಲ್ಲ.

ಮೊದಲೇ ಒಂದು ಗೆರೆ ಎಳೆದುಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಈ ಕ್ಷೇತ್ರದಲ್ಲಿ ‘ನಾನು ಸಾಫ್ಟ್‌ವೇರ್ ಕಟ್ಟುವುದಿಲ್ಲ’ ಎಂದು ಹೇಳಿಯೂ ಒಳ್ಳೆಯ ವೃತ್ತಿಜೀವನ ನಡೆಸಬಹುದು. ‘ನನಗೆ ಕೋಡ್ ಓದಲು, ದತ್ತಾಂಶ ತೆಗೆದು ಲೆಕ್ಕ ಹಾಕಲು ಬರುವುದಿಲ್ಲ’ ಎಂದು ಹೇಳಿ ನಡೆಸಲಾಗದು.

ಸಿ ಪ್ಲಸ್ ಪ್ಲಸ್‌ನ ಮಾತು ಎಲ್ಲಿಂದ ಬಂತು ಎಂದರೆ, ಜಾಲತಾಣಗಳಲ್ಲಿ ಓಡಾಡುವ ಸಂದರ್ಶನದ ಕಥೆಗಳಲ್ಲಿ ಬಹುಪಾಲು ಹೈ ಫ್ರೀಕ್ವೆನ್ಸಿ ಟ್ರೇಡಿಂಗ್ ಸಂಸ್ಥೆಗಳವು. ಅಲ್ಲಿ ಆದೇಶ ಮಾರುಕಟ್ಟೆಗೆ ಮುಟ್ಟುವುದು ಕೆಲವು ಮೈಕ್ರೋಸೆಕೆಂಡ್ ತಡವಾದರೆ ಲಾಭ ಬೇರೆಯವರ ಪಾಲು, ಆದ್ದರಿಂದ ಕೋಡೇ ಅಲ್ಲಿನ ಸರಕು. ಬ್ಯಾಂಕುಗಳಲ್ಲಿ ಡೆರಿವೇಟಿವ್‌ಗಳ (ಷೇರು, ಬಡ್ಡಿದರದಂಥ ಇನ್ನೊಂದರ ಬೆಲೆಗೆ ಕಟ್ಟಿದ ಒಪ್ಪಂದಗಳ) ಬೆಲೆ ಕಟ್ಟುವ ಕೋಡ್ ಲೈಬ್ರರಿಗಳನ್ನು ಬರೆಯುವ, ಟ್ರೇಡರ್‌ಗಳ ಜೊತೆ ಕೆಲಸ ಮಾಡುವ ಫ್ರಂಟ್ ಆಫೀಸ್ ಕ್ವಾಂಟ್‌ಗಳಿಗೂ ಸಿ ಪ್ಲಸ್ ಪ್ಲಸ್ ದಿನದ ಊಟ. ಈ ಎರಡೂ ನಿಮಗಲ್ಲ, ಇದನ್ನು ಒಪ್ಪಿಕೊಂಡು ಮುಂದೆ ಹೋಗೋಣ. ಆದರೆ ಒಂದು ದೊಡ್ಡ ಬ್ಯಾಂಕಿನಲ್ಲಿ ಮಾಡೆಲ್‌ಗಳನ್ನು, ಅಂದರೆ ಬೆಲೆ ಅಥವಾ ಅಪಾಯವನ್ನು ಅಂದಾಜಿಸುವ ಲೆಕ್ಕದ ವಿಧಾನಗಳನ್ನು, ಕಟ್ಟುವವರ ಜೊತೆಗೆ ಅವನ್ನು ಪರೀಕ್ಷಿಸುವವರು, ಅವುಗಳ ಫಲಿತಾಂಶವನ್ನು ಪ್ರತಿದಿನ ಓದುವವರು, ಬಂಡವಾಳದ ಲೆಕ್ಕಕ್ಕೆ ಬಳಸುವವರು, ನಿಯಂತ್ರಕರ ಮುಂದೆ ಸಮರ್ಥಿಸುವವರು ಎಂದು ದೊಡ್ಡ ಪಡೆಯೇ ಇರುತ್ತದೆ. ಬೆಂಗಳೂರಿನಲ್ಲಿರುವ ಜಾಗತಿಕ ಬ್ಯಾಂಕುಗಳ ಕೇಂದ್ರಗಳಲ್ಲಿ ಇಂಥ ಕೆಲಸ ಸಾಕಷ್ಟಿದೆ. ನೀವು ಊರು ಬಿಡಬೇಕಾಗಿಲ್ಲ.

ಬೇಸರ ಯಾವುದರ ಮೇಲೆ?

‘ಕೋಡಿಂಗ್ ಇಷ್ಟವಿಲ್ಲ’ ಎನ್ನುವವರಲ್ಲಿ ಮೂರು ಬಗೆಯವರನ್ನು ಕಾಣುತ್ತೇವೆ. ಕೆಲವರಿಗೆ ಬೇಸರ ಬಂದಿರುವುದು ಪ್ರೊಡಕ್ಷನ್ ಸಿಸ್ಟಮ್‌ಗಳ ಮೇಲೆ: ಡಿಪ್ಲಾಯ್‌ಮೆಂಟ್, ರಾತ್ರಿ ಪಾಳಿ, ಲಕ್ಷಾಂತರ ಸಾಲಿನ ಹಳೆಯ ಕೋಡ್. ಕೆಲವರಿಗೆ 45 ನಿಮಿಷದಲ್ಲಿ ಒಗಟು ಬಿಡಿಸುವ ಅಲ್ಗಾರಿದಮ್ ಪರೀಕ್ಷೆಗಳ ಮೇಲೆ. ಇನ್ನು ಕೆಲವರಿಗೆ ಕಂಪ್ಯೂಟರ್ ಮುಂದೆ ಕೂತು ದತ್ತಾಂಶ ಶುಚಿಮಾಡಿ, ಲೆಕ್ಕ ಹಾಕಿ, ತಾಳೆ ನೋಡುವುದೇ ಬೇಡ. ಪ್ರಮೇಯ ಓದುವುದಷ್ಟೇ ಇಷ್ಟ. ಮೊದಲ ಎರಡು ಬಗೆಯವರಿಗೆ ಇಲ್ಲಿ ದಾರಿ ಇದೆ. ಮೂರನೆಯವರಿಗೆ ಬೋಧನೆ ಅಥವಾ ಸಂಶೋಧನೆ ಹೆಚ್ಚು ಒಗ್ಗುತ್ತದೆ.

ನಿಮ್ಮ ಪತ್ರ ಓದಿದರೆ ನೀವು ಮೊದಲ ಬಗೆಯವರು ಅನ್ನಿಸುತ್ತದೆ. ಆದರೂ ದುಡ್ಡು ಖರ್ಚು ಮಾಡುವ ಮೊದಲು ಎರಡು ವಾರಾಂತ್ಯ ಕೊಟ್ಟು ಒಂದು ಪ್ರಯೋಗ ಮಾಡಿ. ಎನ್‌ಎಸ್‌ಇ ತಾಣದಿಂದ ನಿಫ್ಟಿ 50ರ ದೈನಂದಿನ ಮುಕ್ತಾಯ ಮೌಲ್ಯಗಳನ್ನು 2016ರ ಡಿಸೆಂಬರ್‌ನಿಂದ 2020ರ ಕೊನೆಯವರೆಗೆ ಇಳಿಸಿಕೊಳ್ಳಿ. ಪ್ರತಿದಿನದ ಶೇಕಡಾವಾರು ಏರಿಳಿತ ಲೆಕ್ಕ ಹಾಕಿ. ನಂತರ 2018ರಿಂದ ಪ್ರತಿ ದಿನಕ್ಕೂ, ಅದರ ಹಿಂದಿನ 250 ವಹಿವಾಟು ದಿನಗಳ ಏರಿಳಿತಗಳನ್ನು ನೋಡಿ ‘ನಾಳೆ ಇದಕ್ಕಿಂತ ಹೆಚ್ಚು ನಷ್ಟ ಆಗುವ ಸಂಭವ ನೂರಕ್ಕೆ ಒಂದು’ ಎನ್ನುವ ಅಂಕಿಯನ್ನು ಕಂಡುಹಿಡಿಯಿರಿ. ಇದೇ ಹಿಸ್ಟಾರಿಕಲ್ ಸಿಮ್ಯುಲೇಷನ್ ವಿಧಾನದ 99 ಶೇಕಡಾ ವ್ಯಾಲ್ಯೂ ಅಟ್ ರಿಸ್ಕ್. ಎಕ್ಸೆಲ್‌ನ ಪರ್ಸೆಂಟೈಲ್ ಸೂತ್ರ ಸಾಕು. ಪೈಥಾನ್ ಆದರೆ ಇಪ್ಪತ್ತು ಸಾಲು. ನಿಜವಾದ ನಷ್ಟ ಈ ಗಡಿ ದಾಟಿದ ದಿನಗಳನ್ನು ಎಣಿಸಿ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಶೇ 13ರಷ್ಟು ಕುಸಿಯಿತು. ಅದಕ್ಕೆ ಹಿಂದಿನ ವಾರಗಳಲ್ಲಿ ಗಡಿ ಎಷ್ಟಿತ್ತು, ಎಷ್ಟು ಬೇಗ ಹಿಗ್ಗಿತು, ದಾಟಿದ ದಿನಗಳೆಲ್ಲ ಯಾಕೆ ಒಂದರ ಹಿಂದೆ ಒಂದು ಗುಂಪುಗಟ್ಟಿವೆ ಎಂದು ಮೂರು ಪುಟ ಬರೆಯಿರಿ.

ಲೆಕ್ಕ ಹಾಕುವ ಭಾಗ ಸಹಿಸಬಹುದಾಗಿತ್ತು, ಬರೆಯುವ ಭಾಗದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದಾದರೆ ನೀವು ಈ ಕೆಲಸಕ್ಕೆ ತಕ್ಕವರು. ಲೆಕ್ಕದ ಭಾಗವೇ ಹಿಂಸೆಯಾಗಿ ಬರೆಯುವವರೆಗೆ ಬರಲಾಗದಿದ್ದರೆ, ಮುಂದಿನ ಸಲಹೆಗಳನ್ನು ಓದುವಾಗ ಅದನ್ನು ನೆನಪಿನಲ್ಲಿಡಿ.

ಕೋಡ್ ಇಲ್ಲದ ಜಾಗವೇ ಯಾಕಿಲ್ಲ?

ಹಿಂದೆ ಮಾಡೆಲ್ ಎಂದರೆ ಕಾಗದದ ಮೇಲಿನ ಸೂತ್ರ, ಅದನ್ನು ಕಂಪ್ಯೂಟರಿಗೆ ಇಳಿಸುವುದು ಬೇರೆಯವರ ಕೆಲಸ ಎಂಬ ವಿಂಗಡಣೆ ಇತ್ತು. ಈಗ ಸೂತ್ರ ಎಷ್ಟು ಸರಿ ಎನ್ನುವುದಕ್ಕಿಂತ, ಅದನ್ನು ಇಳಿಸಿದ ರೀತಿ ಸರಿಯೇ ಎಂಬಲ್ಲಿ ದೊಡ್ಡ ನಷ್ಟಗಳು ಹುಟ್ಟುತ್ತವೆ. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕ್ ಕ್ರೆಡಿಟ್ ಡೆರಿವೇಟಿವ್‌ಗಳಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ‘ಲಂಡನ್ ವೇಲ್’ ಎಂಬ ಹೆಸರಿನಲ್ಲಿ ಆ ಪ್ರಕರಣ ಪ್ರಸಿದ್ಧ. ಬ್ಯಾಂಕೇ 2013ರ ಜನವರಿಯಲ್ಲಿ ಹೊರತಂದ ತನಿಖಾ ವರದಿಯ ಒಂದು ವಿವರ ಪ್ರತಿಯೊಬ್ಬ ವ್ಯಾಲಿಡೇಟರ್‌ಗೂ, ಅಂದರೆ ಮಾಡೆಲ್ ಪರೀಕ್ಷಿಸುವವನಿಗೂ, ಬಾಯಿಪಾಠ. ಹೊಸ ವ್ಯಾಲ್ಯೂ ಅಟ್ ರಿಸ್ಕ್ ಮಾಡೆಲ್ ನಡೆಯುತ್ತಿದ್ದದ್ದು ಎಕ್ಸೆಲ್ ಹಾಳೆಗಳಲ್ಲಿ, ಅಂಕಿಗಳನ್ನು ಕೈಯಿಂದ ಒಂದರಿಂದ ಇನ್ನೊಂದಕ್ಕೆ ಅಂಟಿಸಲಾಗುತ್ತಿತ್ತು. ಒಂದು ಕಡೆ ಹೊಸ ದರದಿಂದ ಹಳೆಯ ದರವನ್ನು ಕಳೆದು, ಎರಡರ ಸರಾಸರಿಯಿಂದ ಭಾಗಿಸುವ ಬದಲು ಎರಡರ ಮೊತ್ತದಿಂದ ಭಾಗಿಸಲಾಗಿತ್ತು. ಆ ಒಂದು ತಪ್ಪಿನಿಂದ ಏರಿಳಿತ ಅರ್ಧದಷ್ಟೇ ಕಾಣುತ್ತಿತ್ತು.

ಈ ತಪ್ಪು ಹಿಡಿಯಲು ಸಿ ಪ್ಲಸ್ ಪ್ಲಸ್ ಬೇಕಿರಲಿಲ್ಲ. ಸೂತ್ರ ಬಲ್ಲವನೊಬ್ಬ ಆ ಕೋಶದ ಒಳಗೆ ಏನಿದೆ ಎಂದು ತೆರೆದು ನೋಡಬೇಕಿತ್ತು, ಅಷ್ಟೇ. ನಿಮ್ಮಿಂದ ಈ ಕ್ಷೇತ್ರ ಬಯಸುವ ಪ್ರೋಗ್ರಾಮಿಂಗ್ ಮಟ್ಟವೂ ಅದೇ: ತೆರೆದು ನೋಡುವ, ಅರ್ಥಮಾಡಿಕೊಳ್ಳುವ, ತಾನೇ ಬೇರೊಂದು ದಾರಿಯಲ್ಲಿ ಲೆಕ್ಕ ಹಾಕಿ ತಾಳೆ ನೋಡುವ ಮಟ್ಟ. ಮೂರು ವರ್ಷ ಬೇರೆಯವರ ಜಾವಾ ಕೋಡ್‌ನಲ್ಲಿ ತಪ್ಪು ಹುಡುಕಿದ್ದೀರಿ. ಬೇಸರ ತರಿಸಿದ ಆ ಅಭ್ಯಾಸ ಇಲ್ಲಿ ನಿಮ್ಮ ಬಂಡವಾಳ.

ನಿಮಗೆ ಹೆಚ್ಚು ಹೊಂದುವ ದಾರಿ: ಮಾಡೆಲ್ ವ್ಯಾಲಿಡೇಷನ್

2011ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಮತ್ತು ಅಲ್ಲಿನ ಬ್ಯಾಂಕ್ ನಿಯಂತ್ರಕ ಒಸಿಸಿ ಸೇರಿ ಎಸ್‌ಆರ್ 11-7 ಎಂದು ಕರೆಯಲಾಗುವ ಮಾರ್ಗಸೂಚಿ ಹೊರಡಿಸಿದವು. ಮಾಡೆಲ್ ಕಟ್ಟಿದವರೇ ಅದಕ್ಕೆ ಸರಿ ಎಂದು ಮುದ್ರೆ ಒತ್ತುವಂತಿಲ್ಲ, ಅದನ್ನು ಪ್ರಶ್ನಿಸುವ ಬಲ ಮತ್ತು ಜ್ಞಾನ ಎರಡೂ ಇರುವ ಸ್ವತಂತ್ರ ತಂಡ ಇರಬೇಕು ಎಂಬುದು ಅದರ ತಿರುಳು. ನಂತರದ ವರ್ಷಗಳಲ್ಲಿ ದೊಡ್ಡ ಬ್ಯಾಂಕುಗಳು ಇಂಥ ತಂಡಗಳನ್ನು ಬೆಳೆಸಿದವು, ಅವುಗಳ ಒಂದು ಭಾಗ ಬೆಂಗಳೂರು, ಮುಂಬೈ, ಹೈದರಾಬಾದ್‌ಗಳಲ್ಲಿ ಕೂತಿದೆ. ನಮ್ಮಲ್ಲೂ 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಮಾಡೆಲ್‌ಗಳ ಅಪಾಯ ನಿರ್ವಹಣೆಗೆ ಕರಡು ತತ್ವಗಳನ್ನು ಪ್ರಕಟಿಸಿತು. ಭಾರತೀಯ ಬ್ಯಾಂಕುಗಳಲ್ಲೂ ಈ ಕೆಲಸ ಬೆಳೆಯುವ ದಿಕ್ಕಿನಲ್ಲಿದೆ.

ಕೆಲಸದ ಒಳಗೆ ಏನಿರುತ್ತದೆ? ನೀವು ನಿಫ್ಟಿಯ ಮೇಲೆ ಮಾಡುವ ಪ್ರಯೋಗದ್ದೇ ಮುಂದುವರಿಕೆ ನೋಡಿ. ಬ್ಯಾಂಕುಗಳ ಬಂಡವಾಳಕ್ಕೆ ಜಾಗತಿಕವಾಗಿ ಒಪ್ಪಿರುವ ಬಾಸೆಲ್ ನಿಯಮದಲ್ಲಿ 250 ದಿನಗಳಲ್ಲಿ ಗಡಿ ದಾಟಿದ ದಿನ ನಾಲ್ಕರವರೆಗೆ ಇದ್ದರೆ ಹಸಿರು ವಲಯ, ಐದರಿಂದ ಒಂಬತ್ತು ಹಳದಿ, ಹತ್ತು ಅಥವಾ ಹೆಚ್ಚು ಕೆಂಪು. 99 ಶೇಕಡಾ ಮಾಡೆಲ್ ಸರಿಯಾಗಿದ್ದರೆ ನಿರೀಕ್ಷೆ ಎರಡೂವರೆ ದಿನ. ಈಗ ನಿಮ್ಮ ಸಂಖ್ಯಾಶಾಸ್ತ್ರ ಬಳಸಿ. ದ್ವಿಪದ ವಿತರಣೆಯ ಪ್ರಕಾರ, ಸಂಪೂರ್ಣ ಸರಿಯಾದ ಮಾಡೆಲ್ ಕೂಡ ಐದು ಅಥವಾ ಹೆಚ್ಚು ಬಾರಿ ಗಡಿ ದಾಟುವ ಸಂಭವ ಶೇ 10.8. ಅಂದರೆ ಹತ್ತರಲ್ಲಿ ಒಂದು ಒಳ್ಳೆಯ ಮಾಡೆಲ್ ಸುಮ್ಮನೆ ಹಳದಿಗೆ ಬೀಳುತ್ತದೆ. ಇದರ ಇನ್ನೊಂದು ಮಗ್ಗುಲು ಹೆಚ್ಚು ಕಳವಳದ್ದು. 99 ಎಂದು ಹೇಳಿಕೊಂಡು ನಿಜದಲ್ಲಿ 98 ಶೇಕಡಾ ಮಾತ್ರ ಕಾಯುವ, ಎಂದರೆ ಹೇಳಿದ್ದಕ್ಕಿಂತ ಎರಡು ಪಟ್ಟು ಸಲ ಸೋಲುವ ಮಾಡೆಲ್, ಹಸಿರು ವಲಯದಲ್ಲೇ ಉಳಿಯುವ ಸಂಭವ ಸುಮಾರು ಶೇ 44. ‘ಹಸಿರಿದೆ, ಪಾಸು’ ಎಂದು ಬರೆಯುವ ವ್ಯಾಲಿಡೇಟರ್‌ಗೆ ಈ ಅಂಕಿ ಗೊತ್ತಿಲ್ಲ ಎಂದೇ ಅರ್ಥ.

ಹಾಗಾಗಿ ಎಣಿಕೆಯ ಜೊತೆ ಬೇರೆ ಸಾಕ್ಷ್ಯ ಹುಡುಕಬೇಕು. ಕುಪಿಯೆಕ್ ಪರೀಕ್ಷೆ ಎಣಿಕೆಯನ್ನು ಮಾತ್ರ ತೂಗುತ್ತದೆ. ಗಡಿ ದಾಟಿದ ದಿನಗಳು ಒಟ್ಟೊಟ್ಟಿಗೆ ಬಂದಿವೆಯೇ ಎನ್ನುವುದಕ್ಕೆ ಕ್ರಿಸ್ಟೊಫರ್ಸನ್ ಪರೀಕ್ಷೆ ಬೇಕು. ನಂತರ ಪೋರ್ಟ್‌ಫೋಲಿಯೊವನ್ನು ಒಡೆದು ನೋಡಬೇಕು. ಒಟ್ಟು ಮೊತ್ತದಲ್ಲಿ ಸರಿ ಕಾಣುವ ಮಾಡೆಲ್, ಬಡ್ಡಿದರದ ಭಾಗದಲ್ಲಿ ಅತಿ ಎಚ್ಚರ ವಹಿಸಿ ಆಪ್ಶನ್‌ಗಳ ಭಾಗದಲ್ಲಿ ಕುರುಡಾಗಿರಬಹುದು, ಎರಡೂ ತಪ್ಪುಗಳು ಪರಸ್ಪರ ಮುಚ್ಚಿಕೊಂಡಿರಬಹುದು. ದತ್ತಾಂಶದಲ್ಲಿ ಬೆಲೆ ಬದಲಾಗದ ದಿನಗಳು ತೀರಾ ಹೆಚ್ಚಿದ್ದರೆ, ಅಲ್ಲಿ ವ್ಯಾಪಾರವೇ ಆಗಿಲ್ಲ, ಹಳೆಯ ಬೆಲೆಯನ್ನೇ ಮತ್ತೆ ತುಂಬಿದ್ದಾರೆ ಎಂದು ಗುಮಾನಿ ಪಡಬೇಕು.

ಸಾಲದ ಮಾಡೆಲ್ ಆದರೆ ಪ್ರಶ್ನೆಗಳು ಬೇರೆ. ಸಾಲಗಾರ ಸುಸ್ತಿದಾರನಾಗುವ ಸಂಭವವನ್ನು ಹೇಳುವ ಲಾಜಿಸ್ಟಿಕ್ ರಿಗ್ರೆಷನ್ ನಿಮ್ಮ ಮುಂದೆ ಬರುತ್ತದೆ. ಒಳ್ಳೆಯ ಸಾಲಗಾರರನ್ನೂ ಕೆಟ್ಟವರನ್ನೂ ಎಷ್ಟು ಬೇರ್ಪಡಿಸುತ್ತದೆ ಎನ್ನುವುದಕ್ಕೆ ಗಿನಿ, ಕೆಎಸ್ ಅಳತೆಗಳು. ಮಾಡೆಲ್ ಕಟ್ಟಿದಾಗಿನ ಜನ ಮತ್ತು ಈಗಿನ ಅರ್ಜಿದಾರರು ಒಂದೇ ಬಗೆಯವರೇ ಎನ್ನುವುದಕ್ಕೆ ಪಾಪ್ಯುಲೇಷನ್ ಸ್ಟೆಬಿಲಿಟಿ ಇಂಡೆಕ್ಸ್. ಇದು 0.1ಕ್ಕಿಂತ ಕಡಿಮೆ ಇದ್ದರೆ ಸ್ಥಿರ, 0.25 ದಾಟಿದರೆ ಜನಸಮೂಹ ಬದಲಾಗಿದೆ ಎಂಬುದು ರೂಢಿ. ಅಳತೆಗಳನ್ನು ಯಾರಾದರೂ ಹಾಕುತ್ತಾರೆ. ಹಾಕಿದ ಮೇಲೆ ಅನುಮಾನಿಸುವುದು ಕಷ್ಟದ ಭಾಗ. ಗಿನಿ ಅಸಹಜವಾಗಿ ಹೆಚ್ಚು ಬಂದಿದ್ದರೆ ಸಂತೋಷಪಡಬೇಡಿ; ‘ವಸೂಲಾತಿ ವಿಭಾಗ ಎಷ್ಟು ಬಾರಿ ಕರೆ ಮಾಡಿದೆ’ ಎಂಬಂಥ ಅಂಶ ಮಾಡೆಲ್ ಒಳಗೆ ಸೇರಿಕೊಂಡಿದೆಯೇ ನೋಡಿ. ಅದು ಸುಸ್ತಿಯ ಕಾರಣವಲ್ಲ, ಪರಿಣಾಮ. ಸಾಲ ಕೊಡುವ ದಿನ ಆ ಮಾಹಿತಿ ಇರುವುದೇ ಇಲ್ಲ. ಹಾಗೆಯೇ 2020-21ರ ದತ್ತಾಂಶವನ್ನು ಕಣ್ಣುಮುಚ್ಚಿ ಬಳಸಿದ್ದರೆ, ಕೋವಿಡ್‌ನ ಮೊರಟೋರಿಯಂ (ಕಂತು ಮುಂದೂಡಿಕೆ) ಕಾಲದಲ್ಲಿ ಕಂತು ಕಟ್ಟದವರೂ ಸುಸ್ತಿ ಎಂದು ದಾಖಲಾಗದೆ ಚಿತ್ರ ತಪ್ಪಿರುತ್ತದೆ.

ಇದೆಲ್ಲ ಕೊನೆಗೆ ಒಂದು ವರದಿಯಾಗುತ್ತದೆ, ಉದ್ದನೆಯ ವರದಿ. ವ್ಯಾಲಿಡೇಟರ್‌ನ ಸರಕು ಆ ಬರವಣಿಗೆ. ಕೋಡ್ ಇರುತ್ತದೆ, ಆದರೆ ಹೆಚ್ಚಾಗಿ ಪೈಥಾನ್ ಅಥವಾ ಎಸ್‌ಎಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ, ಒಮ್ಮೆ ಓಡಿಸಿ ಫಲಿತಾಂಶ ಪಡೆದು ಮುಗಿಸುವಂಥದ್ದು. ರಾತ್ರಿ ಎರಡಕ್ಕೆ ಅದು ನಿಮ್ಮನ್ನು ಎಬ್ಬಿಸುವುದಿಲ್ಲ. ಕಾಡಬಹುದಾದ್ದು ನ್ಯೂಯಾರ್ಕ್ ತಂಡದ ಜೊತೆಗಿನ ರಾತ್ರಿ ಎಂಟರ ಮೀಟಿಂಗ್, ಅದಕ್ಕೆ ತಯಾರಾಗಿರಿ. ಇಂಗ್ಲಿಷ್ ಬರವಣಿಗೆ ಬಲಪಡಿಸಿಕೊಳ್ಳಿ. ಒಳ್ಳೆಯ ಗಣಿತ ಬಲ್ಲ ಅಭ್ಯರ್ಥಿಗಳು ಎಡವುವುದು ಇಲ್ಲೇ ಹೆಚ್ಚು.

ಈ ದಾರಿಯ ಅಪಾಯವನ್ನೂ ಹೇಳಬೇಕು. ‘ವ್ಯಾಲಿಡೇಷನ್’ ಎಂಬ ಹೆಸರಿನಲ್ಲಿ ಕೆಲವು ತಂಡಗಳು ಬರೀ ಮಾನಿಟರಿಂಗ್ ಮಾಡುತ್ತವೆ: ಕಳೆದ ತ್ರೈಮಾಸಿಕದ ವರದಿಯಲ್ಲಿ ಅಂಕಿ ಬದಲಿಸಿ, ಅದೇ ವಾಕ್ಯಗಳನ್ನು ಉಳಿಸಿ ಕಳಿಸುವುದು. ಎರಡು ವರ್ಷ ಅಲ್ಲಿ ಉಳಿದರೆ ಸಂಖ್ಯಾಶಾಸ್ತ್ರ ಮರೆತುಹೋಗುತ್ತದೆ, ಮುಂದಿನ ಸಂದರ್ಶನದಲ್ಲಿ ಹೇಳಲು ಏನೂ ಇರುವುದಿಲ್ಲ. ಎಐ ಸಾಧನಗಳು ಮೊದಲು ನುಂಗುವುದೂ ಇಂಥ ಕೆಲಸವನ್ನೇ.

ಉಳಿದ ದಾರಿಗಳು

ಸಾಲದ ಅಪಾಯ ಮತ್ತು ಇಸಿಎಲ್: ನಿರೀಕ್ಷಿತ ಸಾಲನಷ್ಟದ ಲೆಕ್ಕ ಎನ್‌ಬಿಎಫ್‌ಸಿಗಳಲ್ಲಿ (ಬ್ಯಾಂಕೇತರ ಹಣಕಾಸು ಕಂಪನಿಗಳಲ್ಲಿ) 2018ರಿಂದ ಇಂಡ್ ಎಎಸ್ 109 ಎಂಬ ಲೆಕ್ಕಪತ್ರ ಮಾನದಂಡದ ಅಡಿಯಲ್ಲಿ ನಡೆಯುತ್ತಿದೆ. ಬ್ಯಾಂಕುಗಳಿಗೂ 2027ರ ಏಪ್ರಿಲ್ 1ರಿಂದ ಇದನ್ನು ತರುವುದಾಗಿ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಲೆಕ್ಕದ ಬುಡ ಸರಳ: ಸುಸ್ತಿಯ ಸಂಭವ, ಸುಸ್ತಿಯಾದರೆ ಕೈತಪ್ಪುವ ಪಾಲು, ಬಾಕಿ ಮೊತ್ತ, ಮೂರರ ಗುಣಲಬ್ಧ. 100 ಕೋಟಿ ಸಾಲ, ವರ್ಷಕ್ಕೆ ಶೇ 2 ಸಂಭವ, ನಷ್ಟದ ಪಾಲು ಶೇ 45 ಎಂದರೆ ಮೊದಲ ಹಂತದಲ್ಲಿ, ಅಂದರೆ 12 ತಿಂಗಳ ಲೆಕ್ಕದಲ್ಲಿ, 90 ಲಕ್ಷ ತೆಗೆದಿಡಬೇಕು. ಅದೇ ಸಾಲ ಎರಡನೇ ಹಂತಕ್ಕೆ, ಅಂದರೆ ಅಪಾಯ ಗಣನೀಯವಾಗಿ ಹೆಚ್ಚಿದ ಸಾಲಗಳ ಹಂತಕ್ಕೆ, ಜಾರಿದರೆ ಉಳಿದ ಅವಧಿಯಷ್ಟನ್ನೂ ಲೆಕ್ಕ ಹಾಕಬೇಕು. ಐದು ವರ್ಷ ಬಾಕಿ ಇದ್ದರೆ ಸುಸ್ತಿಯ ಒಟ್ಟು ಸಂಭವ ಶೇ 9.6, ತೆಗೆದಿಡಬೇಕಾದ ಹಣ ಸುಮಾರು 4.32 ಕೋಟಿ. ರಿಯಾಯಿತಿ ದರ, ಕಂತಿನಿಂದ ಇಳಿಯುವ ಬಾಕಿ ಇವನ್ನು ಸದ್ಯ ಬದಿಗಿಟ್ಟಿದ್ದೇನೆ. ವರ್ಷದ ಸಂಭವ ಶೇ 2ರಲ್ಲೇ ಉಳಿಯಿತು ಎಂದುಕೊಂಡರೂ ಮೊತ್ತ ಐದು ಪಟ್ಟಿಗೆ ಹತ್ತಿರ ಬಂತು. ಯಾವ ಸಾಲ ಯಾವ ಹಂತ ಎನ್ನುವ ತೀರ್ಮಾನದ ಮೇಲೆ ಬ್ಯಾಂಕಿನ ಲಾಭವೇ ಅಲುಗಾಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಈ ಕೆಲಸಕ್ಕೆ ದತ್ತಾಂಶ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಮತ್ತು ಎಕ್ಸೆಲ್ ಚೆನ್ನಾಗಿ ಬರಬೇಕು, ಪೈಥಾನ್ ಸಾಧಾರಣ ಸಾಕು. ಲೆಕ್ಕಪರಿಶೋಧಕರ ಜೊತೆ ವಾದಿಸುವ ತಾಳ್ಮೆ ಬೇಕು. ನಿಮ್ಮಂಥವರಿಗೆ ಮುಂದಿನ ಕೆಲವು ವರ್ಷ ಇದು ಒಳ್ಳೆಯ ಪ್ರವೇಶದ್ವಾರ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾರ್ಕೆಟ್ ರಿಸ್ಕ್ ಮತ್ತು ಪ್ರಾಡಕ್ಟ್ ಕಂಟ್ರೋಲ್: ಟ್ರೇಡಿಂಗ್ ಡೆಸ್ಕ್‌ನ (ಕೊಳ್ಳುವ, ಮಾರುವ ತಂಡದ) ನಿನ್ನೆಯ ಲಾಭನಷ್ಟ ಯಾವ ಕಾರಣದಿಂದ ಬಂತು ಎಂದು ಬಿಡಿಸಿ ಹೇಳುವುದು, ಟ್ರೇಡರ್ ಹಾಕಿದ ಬೆಲೆಯನ್ನು ಹೊರಗಿನ ಮೂಲಗಳಿಂದ ಪರಿಶೀಲಿಸುವುದು ಇಲ್ಲಿನ ದಿನಚರಿ. ಪ್ರೋಗ್ರಾಮಿಂಗ್ ಅತಿ ಕಡಿಮೆ. ಆದರೆ ಗಣಿತವೂ ಕಡಿಮೆ, ಗಡಿಯಾರದ ಒತ್ತಡ ಹೆಚ್ಚು. ಮಾರುಕಟ್ಟೆಯ ಪರಿಚಯ ಆಗಲಿ ಎಂದು ಒಂದೆರಡು ವರ್ಷ ಮಾಡಲು ಸರಿ. ಗಣಿತಕ್ಕಾಗಿ ಬಂದವರು ಅಲ್ಲೇ ಉಳಿದರೆ ಕೊರಗುತ್ತಾರೆ.

ಆಕ್ಚುರಿ: ಗಣಿತ, ತೀರ್ಪು, ಬರವಣಿಗೆ ಮೂರೂ ಬೇಕಾದ, ಪ್ರೋಗ್ರಾಮಿಂಗ್ ಮಿತಿಯಲ್ಲಿರುವ ವೃತ್ತಿ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾದ ಪ್ರವೇಶ ಪರೀಕ್ಷೆ ಎಸಿಇಟಿ. ಮುಂದೆ ಸಿಎಸ್1, ಸಿಎಸ್2 ಪತ್ರಿಕೆಗಳ ಒಂದು ಭಾಗ ಆರ್ ಭಾಷೆಯಲ್ಲಿ, ಸಿಎಂ1, ಸಿಎಂ2ರ ಒಂದು ಭಾಗ ಎಕ್ಸೆಲ್‌ನಲ್ಲಿ. ಅಲ್ಲಿಗೂ ಕೋಡ್ ನುಗ್ಗಿದೆ ನೋಡಿ, ಆದರೆ ನಿಮಗೆ ಅದು ಭಾರವಾಗದು. ಸಿಎಸ್ ಪತ್ರಿಕೆಗಳ ಬಹುಭಾಗ ನೀವು ಎಂ.ಎಸ್ಸಿ.ಯಲ್ಲಿ ಓದಿದ್ದೇ. ಇಲ್ಲಿನ ಅಪಾಯ ಕಾಲ. ಕೆಲಸ ಮಾಡುತ್ತಾ ಪೂರ್ಣ ಅರ್ಹತೆ ಪಡೆಯಲು ಆರೆಂಟು ವರ್ಷ ಹಿಡಿಯುವುದು ಸಾಮಾನ್ಯ, ನಡುವೆ ನಿಂತುಹೋದರೆ ಬರೆದ ಪತ್ರಿಕೆಗಳಿಗೆ ವಿಮಾ ಕ್ಷೇತ್ರದ ಹೊರಗೆ ಬೆಲೆ ಕಡಿಮೆ. 26ರ ವಯಸ್ಸು ತಡವಲ್ಲ. ಆದರೆ ಇದನ್ನು ಎಫ್‌ಆರ್‌ಎಂ ಜೊತೆ ಒಟ್ಟಿಗೆ ಹಿಡಿಯಬೇಡಿ, ಎರಡರಲ್ಲೂ ಅರ್ಧಕ್ಕೆ ನಿಲ್ಲುವಿರಿ.

ರಿಸರ್ವ್ ಬ್ಯಾಂಕಿನ ಡಿಎಸ್‌ಐಎಂ (ಸಂಖ್ಯಾಶಾಸ್ತ್ರ ಮತ್ತು ಮಾಹಿತಿ ನಿರ್ವಹಣಾ ವಿಭಾಗ): ಗ್ರೇಡ್ ಬಿ ಅಧಿಕಾರಿಗಳಲ್ಲಿ ಸಂಖ್ಯಾಶಾಸ್ತ್ರದವರಿಗೆಂದೇ ಇರುವ ಹುದ್ದೆಗಳು. ಸಾಮಾನ್ಯ ವರ್ಗಕ್ಕೆ ವಯೋಮಿತಿ 30, ಹಾಗಾಗಿ ನಿಮಗೆ ಇನ್ನೂ ಕೆಲವು ಪ್ರಯತ್ನಗಳಿವೆ. ಹುದ್ದೆಗಳು ಬೆರಳೆಣಿಕೆಯಷ್ಟು, ಇದೊಂದನ್ನೇ ನೆಚ್ಚಿ ಕೂರಬೇಡಿ, ಅಧಿಸೂಚನೆ ಬಂದಾಗ ಬಿಡಲೂ ಬೇಡಿ.

ಸ್ವಂತ ದುಡ್ಡಿನಲ್ಲಿ ಆಪ್ಶನ್ ಟ್ರೇಡಿಂಗ್ ಮಾಡಿ ‘ಸ್ವತಂತ್ರ ಕ್ವಾಂಟ್’ ಆಗುವುದನ್ನು ನೀವು ಕೇಳಿಲ್ಲ, ಆದರೂ ಆ ಜಾಹೀರಾತುಗಳು ನಿಮ್ಮ ಫೋನಿಗೆ ಬಂದೇ ಬಂದಿರುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್‌ನಲ್ಲಿ ಕೈಹಾಕಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಹಣ ಕಳೆದುಕೊಂಡರು. ಮನೆಯ ಜವಾಬ್ದಾರಿ ಇರುವವರು ಆ ಕಡೆ ತಿರುಗಿಯೂ ನೋಡಬಾರದು.

ಸಂಬಳ, ಕೋರ್ಸು, ಅಮೆರಿಕ

ಸಂಬಳದ ಬಗ್ಗೆ ನೇರವಾಗಿ ಹೇಳಬೇಕೆಂದರೆ, ವ್ಯಾಲಿಡೇಷನ್ ಮತ್ತು ರಿಸ್ಕ್ ತಂಡಗಳು ಟ್ರೇಡಿಂಗ್ ಡೆಸ್ಕ್‌ನಷ್ಟು ಗಳಿಸುವುದಿಲ್ಲ. ಮೂಲ ವೇತನದ ಅಂತರಕ್ಕಿಂತ ಬೋನಸ್‌ನ ಅಂತರ ದೊಡ್ಡದು, ಯಾಕೆಂದರೆ ಬೋನಸ್ ಲಾಭಕ್ಕೆ ಅಂಟಿಕೊಂಡಿರುತ್ತದೆ, ನಿಮ್ಮ ಕೆಲಸ ನಷ್ಟ ತಡೆಯುವುದು. ಅದಕ್ಕೆ ಪ್ರತಿಯಾಗಿ ಮಾರುಕಟ್ಟೆ ಬಿದ್ದ ವರ್ಷ ಕೆಲಸ ಹೋಗುವ ಭಯ ಕಡಿಮೆ. ನಿಯಂತ್ರಕರು ಕಡ್ಡಾಯ ಮಾಡಿದ ಕೆಲಸ ಇದು. ಆದರೆ ನೀವು ಹೋಲಿಸಿ ನೋಡಬೇಕಾದ್ದು ಟ್ರೇಡಿಂಗ್ ಸಂಸ್ಥೆಯ ಸಂಬಳದ ಜೊತೆ ಅಲ್ಲ, ಈಗಿನ ಸಪೋರ್ಟ್ ಕೆಲಸ ಹತ್ತು ವರ್ಷದಲ್ಲಿ ನಿಮ್ಮನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದರ ಜೊತೆ. ಆ ಹೋಲಿಕೆಯಲ್ಲಿ ನಿಮಗೆ ನಷ್ಟವಿಲ್ಲ. ಸಂಬಳ ನಿಂತುಹೋಗುವುದು ಪರಿಣತಿ ನಿಂತಾಗ. ಬಡ್ಡಿದರದ ಮಾಡೆಲ್ ಅಥವಾ ಕೌಂಟರ್‌ಪಾರ್ಟಿ ರಿಸ್ಕ್‌ನಂಥ (ಒಪ್ಪಂದದ ಎದುರು ಪಕ್ಷ ಹಣ ಕೊಡದಿರುವ ಅಪಾಯ) ಒಂದು ಕ್ಷೇತ್ರದಲ್ಲಿ ಆಳಕ್ಕಿಳಿದ ವ್ಯಾಲಿಡೇಟರ್‌ಗೆ ಬೇಡಿಕೆ ಬತ್ತುವುದಿಲ್ಲ. ಎಲ್ಲವನ್ನೂ ಒಂದಿಷ್ಟು ಬಲ್ಲವರು ಮಧ್ಯದ ಹುದ್ದೆಯಲ್ಲೇ ಸಿಕ್ಕಿಕೊಳ್ಳುತ್ತಾರೆ.

ತರಬೇತಿ ಸಂಸ್ಥೆಗೆ ಮೂರೂವರೆ ಲಕ್ಷ ಕೊಡಬೇಡಿ. ನಿಮ್ಮಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಇದೆ. ಅವರು ಕಲಿಸುವುದರಲ್ಲಿ ಕಷ್ಟದ ಭಾಗ ನಿಮಗಾಗಲೇ ಗೊತ್ತು, ಸುಲಭದ ಭಾಗ ಪುಸ್ತಕದಿಂದ ಬರುತ್ತದೆ. ‘ಪ್ರೋಗ್ರಾಮಿಂಗ್ ಬೇಕೇ ಇಲ್ಲ’ ಎಂದು ಮಾತು ಕೊಟ್ಟ ಸಂಸ್ಥೆ ನಿಮ್ಮನ್ನು ಎಸ್‌ಕ್ಯೂಎಲ್ ಪರೀಕ್ಷೆಯ ಮುಂದೆ ಬರಿಗೈಯಲ್ಲಿ ನಿಲ್ಲಿಸುತ್ತದೆ. ಕೆಲಸ ಕೊಡಿಸುವ ಮಾತಿದ್ದರೆ ಯಾವ ಹುದ್ದೆ, ಯಾವ ತಂಡ, ಸಿಗದಿದ್ದರೆ ಹಣ ವಾಪಸೇ ಎಂದು ಬರವಣಿಗೆಯಲ್ಲಿ ಕೇಳಿ.

ಅಮೆರಿಕದ ಫೈನಾನ್ಷಿಯಲ್ ಎಂಜಿನಿಯರಿಂಗ್ ಪದವಿಗಳು ನಿಮ್ಮ ಸಮಸ್ಯೆಗೆ ಪರಿಹಾರವಲ್ಲ. ಕಾರ್ನೆಗಿ ಮೆಲನ್, ಬರೂಕ್‌ನಂಥ ಕಡೆ ಪ್ರೋಗ್ರಾಮಿಂಗ್ ಪಠ್ಯದ ನಡುಗಂಬ. ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟಿದ್ದೀರೋ ಅದಕ್ಕೇ ಸಾಲ ಮಾಡಿ ಶುಲ್ಕ ಕಟ್ಟಿದಂತಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು; ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂದು ನಂತರ ಸ್ಪಷ್ಟಪಡಿಸಿದರೂ, ಅಲ್ಲಿ ಕೆಲಸ ಹಿಡಿದು ಸಾಲ ತೀರಿಸುವ ಲೆಕ್ಕ ಅನಿಶ್ಚಿತವೇ.

ಎಫ್‌ಆರ್‌ಎಂ ಮೊದಲ ಭಾಗ ಮಾತ್ರ ಈಗ ಬರೆಯಿರಿ. ನಾಲ್ಕು ಗಂಟೆ, ನೂರು ಬಹುಆಯ್ಕೆ ಪ್ರಶ್ನೆ. ಅದರ ಶೇ 20ರಷ್ಟಿರುವ ಕ್ವಾಂಟಿಟೇಟಿವ್ ಅನಾಲಿಸಿಸ್ ನಿಮಗೆ ಪುನರಾವರ್ತನೆ. ಮಾರುಕಟ್ಟೆ ಮತ್ತು ಉತ್ಪನ್ನಗಳ ಭಾಗ ಶೇ 30, ಮೌಲ್ಯಮಾಪನ ಮತ್ತು ರಿಸ್ಕ್ ಮಾಡೆಲ್‌ಗಳ ಭಾಗ ಶೇ 30, ನಿಮಗೆ ಹೊಸತಾಗಿರುವುದು ಇವೇ. ಬಾಂಡ್, ಸ್ವಾಪ್, ಆಪ್ಶನ್‌ಗಳ ಭಾಷೆ ಇಲ್ಲಿ ಕಲಿಯುತ್ತೀರಿ. ಈ ಪರೀಕ್ಷೆ ಕೆಲಸ ಕೊಡಿಸುವುದಿಲ್ಲ, ಅರ್ಜಿ ಓದುವವರು ಐಟಿ ಸಪೋರ್ಟ್ ಎಂದು ಕಂಡ ಕೂಡಲೇ ಪಕ್ಕಕ್ಕಿಡದಂತೆ ತಡೆಯುತ್ತದೆ. ಎರಡನೇ ಭಾಗವನ್ನು ಕೆಲಸ ಸಿಕ್ಕ ಮೇಲೆ ಬರೆಯಿರಿ. ಪ್ರಮಾಣಪತ್ರಕ್ಕೆ ಹೇಗೂ ಎರಡು ವರ್ಷದ ಸಂಬಂಧಿತ ಅನುಭವ ಬೇಕು.

ಕೆಲಸ ಬಿಡದೆ ಆರೇಳು ತಿಂಗಳು

ಮೊದಲ ಎರಡು ತಿಂಗಳು ಎಸ್‌ಕ್ಯೂಎಲ್ ಮತ್ತು ಪೈಥಾನ್. ಎಸ್‌ಕ್ಯೂಎಲ್‌ನಲ್ಲಿ ಜಾಯಿನ್, ಗ್ರೂಪ್ ಬೈ, ವಿಂಡೋ ಫಂಕ್ಷನ್ ಇಷ್ಟು ಕೈಗೆ ಹತ್ತಬೇಕು. ಪೈಥಾನ್‌ನಲ್ಲಿ ಪಾಂಡಾಸ್, ನಂಪೈ, ಸ್ಟಾಟ್ಸ್‌ಮಾಡೆಲ್ಸ್ ಸಾಕು. ಕ್ಲಾಸ್, ವೆಬ್, ಡಿಪ್ಲಾಯ್‌ಮೆಂಟ್ ಕಡೆ ಹೋಗಲೇಬೇಡಿ. ಎಐ ಸಾಧನದಿಂದ ಕೋಡ್ ಬರೆಸಿಕೊಳ್ಳಿ, ಸಂಕೋಚ ಬೇಡ, ಆದರೆ ಪ್ರತಿ ಬಾರಿಯೂ ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಪರೀಕ್ಷಿಸಿ. ಉದಾಹರಣೆಗೆ ಷೇರು ಬೆಲೆ 100, ಸ್ಟ್ರೈಕ್ (ಆಪ್ಶನ್ ಒಪ್ಪಂದದಲ್ಲಿ ಮೊದಲೇ ಗೊತ್ತುಮಾಡಿದ ಬೆಲೆ) 100, ಬಡ್ಡಿ ಶೇ 5, ವೊಲಾಟಿಲಿಟಿ ಶೇ 20, ಅವಧಿ ಒಂದು ವರ್ಷ, ಡಿವಿಡೆಂಡ್ ಇಲ್ಲ ಎಂದಾಗ ಬ್ಲ್ಯಾಕ್-ಶೋಲ್ಸ್ ಸೂತ್ರದಿಂದ ಕಾಲ್ (ಕೊಳ್ಳುವ ಹಕ್ಕು) ಬೆಲೆ 10.45, ಪುಟ್ (ಮಾರುವ ಹಕ್ಕು) ಬೆಲೆ 5.57 ಬರಬೇಕು. ಎರಡರ ವ್ಯತ್ಯಾಸ 4.88, ಅದು ಷೇರು ಬೆಲೆಯಿಂದ ಸ್ಟ್ರೈಕ್‌ನ ಇಂದಿನ ಮೌಲ್ಯ 95.12 ಕಳೆದದ್ದಕ್ಕೆ ಸಮ. ಈ ಸಮತೆ ತಪ್ಪಿದರೆ ಕೋಡ್ ಎಷ್ಟೇ ಚಂದ ಕಂಡರೂ ತಪ್ಪು.

ನಂತರದ ಮೂರು ತಿಂಗಳು ಎಫ್‌ಆರ್‌ಎಂ ಓದಿನ ಜೊತೆಗೆ ನಿಫ್ಟಿಯ ಆ ಮೂರು ಪುಟವನ್ನು ಎಂಟು ಹತ್ತು ಪುಟದ ವ್ಯಾಲಿಡೇಷನ್ ವರದಿಯಾಗಿ ಬೆಳೆಸಿ. ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಡುವ, ಒಂದೊಂದು ದಿನ ಹಿಂದೆ ಹೋದಂತೆ ತೂಕವನ್ನು 0.94ರಿಂದ ಗುಣಿಸಿ ಇಳಿಸುವ ವಿಧಾನವನ್ನು ಪಕ್ಕದಲ್ಲಿಟ್ಟು ಹೋಲಿಸಿ. ದತ್ತಾಂಶವನ್ನು 2024ರವರೆಗೆ ವಿಸ್ತರಿಸಿ, ಲೋಕಸಭಾ ಚುನಾವಣಾ ಫಲಿತಾಂಶದ ದಿನ, 2024ರ ಜೂನ್ 4ರಂದು, ನಿಫ್ಟಿ ಶೇ 5.9 ಕುಸಿದಾಗ ಎರಡೂ ಏನು ಹೇಳುತ್ತಿದ್ದವು ಎಂದು ತೋರಿಸಿ. ಮಾಡೆಲ್‌ನ ಮಿತಿಗಳು, ನಿಮ್ಮ ಆಕ್ಷೇಪ, ಅದರ ತೀವ್ರತೆ, ಸರಿಪಡಿಸುವ ದಾರಿ ಎಲ್ಲವನ್ನೂ ಬರೆಯಿರಿ. ಸಂದರ್ಶನದಲ್ಲಿ ಪ್ರಮಾಣಪತ್ರಗಳ ಪಟ್ಟಿಗಿಂತ ಇಂಥ ಒಂದು ವರದಿ ಹೆಚ್ಚು ಹೊತ್ತು ಮಾತಾಡಿಸುತ್ತದೆ.

ಅರ್ಜಿ ಹಾಕುವಾಗ ಈಗಿನ ಕಂಪನಿಯನ್ನೂ ಮರೆಯಬೇಡಿ. ಬ್ಯಾಂಕ್ ಗ್ರಾಹಕರಿರುವ ಐಟಿ ಕಂಪನಿಗಳಲ್ಲಿ ರಿಸ್ಕ್ ಅನಾಲಿಟಿಕ್ಸ್ ತಂಡಗಳಿರುತ್ತವೆ. ಒಳಗಿನಿಂದಲೇ ವರ್ಗಾವಣೆ ಸಿಕ್ಕರೆ ಸಂಬಳ ಒಂದು ತಿಂಗಳೂ ನಿಲ್ಲುವುದಿಲ್ಲ. ಸಲಹಾ ಸಂಸ್ಥೆಗಳ ಮಾಡೆಲ್ ರಿಸ್ಕ್ ತಂಡಗಳು ಬೇರೆ ಕ್ಷೇತ್ರದಿಂದ ಬಂದವರನ್ನು ಬ್ಯಾಂಕುಗಳಿಗಿಂತ ಸುಲಭವಾಗಿ ತೆಗೆದುಕೊಳ್ಳುತ್ತವೆ, ಕೆಲಸದ ಒತ್ತಡವೂ ಅಷ್ಟೇ ಜಾಸ್ತಿ.

ಸಂದರ್ಶನದ ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಎನ್ನುತ್ತಾರಲ್ಲ, ಆಗ ಇವನ್ನು ಕೇಳಿ. ಈ ತಂಡ ಕಳೆದ ವರ್ಷ ಎಷ್ಟು ಮಾಡೆಲ್‌ಗಳನ್ನು ತಿರಸ್ಕರಿಸಿತು ಅಥವಾ ಷರತ್ತು ಹಾಕಿ ವಾಪಸು ಕಳಿಸಿತು? ಮಾಡೆಲ್ ಕಟ್ಟಿದವರ ಕೋಡ್ ಮತ್ತು ದತ್ತಾಂಶ ನಮಗೆ ಸಿಗುತ್ತದೆಯೇ, ಅಥವಾ ಅವರು ಬರೆದ ದಾಖಲೆ ಮಾತ್ರವೇ? ವರದಿಗೆ ಸಹಿ ಹಾಕುವವರು ಬೆಂಗಳೂರಿನಲ್ಲಿದ್ದಾರೆಯೇ, ಬೇರೆ ದೇಶದಲ್ಲೇ? ಒಂದನ್ನೂ ತಿರಸ್ಕರಿಸಿಲ್ಲ, ದಾಖಲೆ ಮಾತ್ರ ಸಿಗುತ್ತದೆ, ಸಹಿ ಲಂಡನ್ನಿನದು ಎಂಬ ಉತ್ತರ ಬಂದರೆ ಅದು ಅಂಕಿ ಬದಲಿಸುವ ಕೆಲಸ. ಬೇರೆ ದಾರಿ ಇಲ್ಲದಿದ್ದರೆ ಸೇರಿಕೊಳ್ಳಿ, ಆದರೆ 18 ತಿಂಗಳಿಗಿಂತ ಹೆಚ್ಚು ಅಲ್ಲಿರಬೇಡಿ.